ಸೀಟಿನ ಕೆಳಗಿನ ಸಿಪ್ಪೆ

ಏಪ್ರಿಲ್ 2, 2019, ಮಂಗಳವಾರ

ಇವತ್ತೂ ಸ್ನೇಹಿತ ಡ್ವೇನ್‌ನ ಕಾರು ರಿಪೇರಿ ಷೆಡ್ಡು. ಆಯಸ್ಕಾಂತ, ಪುಟ್ಟ ಕನ್ನಡಿ, ಟಾರ್ಚು, ಬಣ್ಣ ಕೆರೆಯುವ ಬ್ಲೇಡು. ನನ್ನ ಚೀಲ ನೋಡಿದವರು ಹಲ್ಲಿನ ಡಾಕ್ಟರು ಅಂದುಕೊಳ್ಳಬೇಕು. ಬೆಳಗ್ಗೆಯಿಂದ ಕಾರಿನ ಕೆಳಗೆ ಮಲಗಿದ್ದೇ ಆಯಿತು. ಸೊಂಟ ಹಿಡಿದುಕೊಂಡಿದೆ. ಅರವತ್ತು ದಾಟಿದವಳು ಸಿಮೆಂಟು ನೆಲದ ಮೇಲೆ ತೆವಳಬಾರದು. ಏನು ಮಾಡುವುದು, ನಿಂತು ನೋಡಿದರೆ ಯಾವ ಕಾರೂ ನಿಜ ಹೇಳುವುದಿಲ್ಲ.

ಡ್ವೇನ್ ಹೇಳುವ ಪ್ರಕಾರ ಇದು ನನ್ನ ಅಪ್ಪನ ಕಾರು. 1957ರಲ್ಲಿ ಫ್ಲಾಯ್ಡ್ ಹ್ಯಾಸ್ಕೆಟ್ ಅನ್ನುವವನು ಇಂಡಿಯಾನಾಪೊಲಿಸ್‌ನ ಒಂದು ಗ್ಯಾರೇಜಿನಲ್ಲಿ ಕಟ್ಟಿದ ರೇಸ್ ಕಾರು. ಮರುವರ್ಷ ಬ್ಲೂ ಲಿಕ್‌ನ ಮಣ್ಣಿನ ಟ್ರ್ಯಾಕಿನಲ್ಲಿ ಅಪ್ಪ, ವೆಂಡೆಲ್ ಪ್ರೂಯಿಟ್, ಇದನ್ನು ಓಡಿಸುತ್ತಲೇ ತೀರಿಕೊಂಡ. ಆಮೇಲೆ ಓಹಾಯೋದವನೊಬ್ಬ ಕೊಂಡು, ಮೂತಿ ಬದಲಿಸಿ, ಸ್ವಲ್ಪ ಕಾಲ ಓಡಿಸಿ, ಕಣಜದಲ್ಲಿ ಹುಲ್ಲಿನ ಕೆಳಗೆ ಬಿಟ್ಟ. ಡ್ವೇನ್ ಹೋದ ಚಳಿಗಾಲದಲ್ಲಿ ಅಲ್ಲಿಂದ ಎತ್ತಿಕೊಂಡು ಬಂದ.

ಚಂದದ ಕಥೆ. ಎಲ್ಲ ನಕಲಿ ಕಾರಿಗೂ ಒಂದು ಕಣಜ ಇದ್ದೇ ಇರುತ್ತದೆ.

"ಮಾರ್ಲಾ, ಕಾಫಿ ಕುಡಿಯೇ. ಕಾರು ಎಲ್ಲೂ ಓಡಿಹೋಗಲ್ಲ, ಅದರಲ್ಲಿ ಎಂಜಿನ್ನೇ ಇಲ್ಲ," ಅಂದ ಡ್ವೇನ್.

"ಮೊದಲು ನೀನು ಕುಡಿ," ಅಂದೆ.

"ವಿಷ ಹಾಕಿದೀನಿ ಅಂತಾನಾ? ಒಳ್ಳೇ ಹೆಂಗಸು ಮಾರಾಯ್ತಿ ನೀನು!"

ನಕ್ಕ. ನಾನೂ ನಕ್ಕೆ. ಆದರೂ ಅವನು ಒಂದು ಗುಟುಕು ಕುಡಿಯುವುದನ್ನು ನೋಡಿದ ಮೇಲೇ ಕುಡಿದೆ. ಇನ್ಷೂರೆನ್ಸ್ ಕಂಪನಿಯಲ್ಲಿ ಸುಳ್ಳು ಕ್ಲೇಮು ಹಿಡಿದು ಹಿಡಿದು ಬಂದ ಬುದ್ಧಿ. ನಿವೃತ್ತಿಯಾದ ಮೇಲೂ ಬಿಟ್ಟಿಲ್ಲ. ಈಗ ಹಳೇ ರೇಸ್ ಕಾರುಗಳ ಹುಟ್ಟು ಹುಡುಕುತ್ತೇನೆ. ಅಸಲಿ ಅಂತ ನಾನು ಬರೆದುಕೊಟ್ಟರೆ ಊರೆಲ್ಲ ನಂಬುತ್ತದೆ. ಯಾಕೆಂದರೆ ನಾನು ಸುಲಭಕ್ಕೆ ಬರೆದುಕೊಡುವುದಿಲ್ಲ.

ಮೇ ತಿಂಗಳಲ್ಲಿ ದೊಡ್ಡ ಪ್ರದರ್ಶನ. ಅಪ್ಪನ ಹೆಸರಿನ ಫಲಕ ಹಾಕಿ ಇದನ್ನು ನಿಲ್ಲಿಸಬೇಕು ಅಂತ ಡ್ವೇನ್‌ಗೆ ಆಸೆ. ಅದಕ್ಕೆ ನನ್ನ ವರದಿ ಬೇಕು.

ಅಪ್ಪ ಹೋದಾಗ ನನಗಿನ್ನೂ ನಡೆಯಲು ಬರುತ್ತಿರಲಿಲ್ಲವಂತೆ. ಹಿಂದೆ ಎರಡು ಸಲ 'ನಿಮ್ಮಪ್ಪನ ಕಾರು' ಸಿಕ್ಕಿತ್ತು. ಒಂದನ್ನಂತೂ ಅಪ್ಪಿಕೊಂಡು ಅತ್ತೇಬಿಟ್ಟೆ. ಕಣ್ಣೊರೆಸಿಕೊಂಡು ನೋಡಿದರೆ ಬೋಲ್ಟುಗಳು ಮಿಲಿಮೀಟರ್ ಅಳತೆಯವು. ಹ್ಯಾಸ್ಕೆಟ್ ಜನ್ಮದಲ್ಲಿ ಅಂಗುಲ ಬಿಟ್ಟು ಬೇರೆ ಅಳತೆ ಮುಟ್ಟಿದವನಲ್ಲ.

ಈ ಸಲ ಅಳುವುದಿಲ್ಲ.

ಏಪ್ರಿಲ್ 3

ಬಾಲದ ಬಳಿ ಬಣ್ಣ ಕೆರೆದೆ. ಮೇಲೆ ಕೆನೆ ಬಣ್ಣ. ಅದರಡಿ ನೀಲಿ. ಅದರಡಿ... ಕೆಂಪು.

ಆ ಕಾಲದಲ್ಲಿ ಕಾರಿಗೆ ವರ್ಷಕ್ಕೊಂದು ಹೆಸರು. ಯಾರು ಟೈರು ಕೊಡಿಸಿದರೋ ಅವರ ಹೆಸರು. ಈ ವರ್ಷ ಬೇಕರಿಯವನ ಸ್ಪೆಷಲ್, ಮರುವರ್ಷ ನಲ್ಲಿ ರಿಪೇರಿಯವನ ಸ್ಪೆಷಲ್. ಹೆಸರು ಹಿಡಿದು ಹುಡುಕಿದರೆ ಒಂದೇ ಕಾರು ಹತ್ತು ಕಾರಾಗುತ್ತದೆ. ಬಣ್ಣದ ಪದರ ಹಿಡಿದೇ ಕೆಳಗಿಳಿಯಬೇಕು. ಅಪ್ಪನ ಕಾರು ಕೆಂಪು.

ಪೆಡಲಿನ ಹತ್ತಿರ ಅಡ್ಡಪಟ್ಟಿ ಕತ್ತರಿಸಿ ಮುಂದಕ್ಕೆ ಸರಿಸಿದ್ದಾರೆ. ಅಪ್ಪ ಉದ್ದ ಕಾಲಿನವನು. ವೆಲ್ಡಿಂಗಿನ ಅಲೆಗಳು ಉಲ್ಟಾ ವಾಲಿವೆ. ಹ್ಯಾಸ್ಕೆಟ್ ಎಡಗೈಯವನು.

ಎಲ್ಲ ಸರಿ ಇದೆ. ಒಂದಕ್ಕೊಂದು ಹೇಳಿ ಮಾಡಿಸಿದ ಹಾಗಿದೆ. ಅದೇ ನನಗೆ ಹಿಡಿಸದಿರುವುದು. ಹ್ಯಾಸ್ಕೆಟ್ ಎಡಗೈಯವನು ಅಂತ ಡ್ವೇನ್‌ಗೆ ಹೇಳಿದವಳೇ ನಾನು. ಅಪ್ಪನ ಕಾಲಿನ ವಿಚಾರವೂ ಬಹುಶಃ ನಾನೇ ಹೇಳಿರಬೇಕು. ಬಿಯರ್ ಕುಡಿಯುವಾಗ ಏನೇನು ಬಾಯಿಬಿಟ್ಟಿದ್ದೇನೋ.

ಹೊರಡುವಾಗ ಕೇಳಿದ: "ಏನನ್ಸುತ್ತೆ?"

"ಇನ್ನೂ ಸೀಟು ತೆಗೆದಿಲ್ಲ," ಅಂದೆ.

"ಸೀಟಲ್ಲೇನಿರುತ್ತೆ?"

ಯಾಕೆ ಹಾಗೆ ಕೇಳಿದ?

ಏಪ್ರಿಲ್ 4, ಮಧ್ಯಾಹ್ನ

ಸಿಕ್ಕಿಬಿದ್ದ!

ಸೀಟಿನ ತಗಡನ್ನು ನೆಲದ ತಗಡಿಗೆ ರಿವೆಟ್ ಹೊಡೆದು ಕೂರಿಸಿದ್ದಾರೆ. ಹಿಂಬದಿಯಲ್ಲಿ ಬೆರಳು ತೂರುವಷ್ಟು ಸಂದು. ರಿವೆಟ್ ಕೊರೆದು ಎತ್ತಿದೆ. ಕೆಳಗೆ ಒಣಮಣ್ಣು, ಎಣ್ಣೆ ಜಿಡ್ಡು, ತಂತಿ ಚೂರು. ಅದರ ನಡುವೆ ಕಡಲೆಕಾಯಿ ಸಿಪ್ಪೆ. ಕಪ್ಪಾಗಿದೆ. ಆದರೂ ಆ ಸೊಂಟ, ಆ ಜಾಲರಿ ಗೆರೆ. ಕಡಲೆಕಾಯಿಯೇ. ಸಂಶಯವೇ ಇಲ್ಲ.

ರೇಸಿನವರಿಗೆ ಎರಡು ಆಗದು, ಅಪಶಕುನ. ಹಸಿರು ಬಣ್ಣ, ಕಡಲೆಕಾಯಿ. ಯಾಕೆ ಅಂತ ಯಾರಿಗೂ ಗೊತ್ತಿಲ್ಲ, ಮೀರಿದವರೂ ಇಲ್ಲ. ಕಾರು ಸಜ್ಜು ಮಾಡುವ ಪಿಟ್ಟಿನೊಳಗೆ ಯಾರಾದರೂ ಕಡಲೆಕಾಯಿ ತಂದರೆ ಕುತ್ತಿಗೆ ಹಿಡಿದು ದಬ್ಬುತ್ತಿದ್ದರು. ಸೀಟಿನಲ್ಲಿ ಸಿಪ್ಪೆ ಕಂಡರಂತೂ ಮುಗಿಯಿತು. ಚಾಲಕ ಹೆಲ್ಮೆಟ್ ಕಳಚಿ ಮನೆಗೆ ಹೋಗಿಬಿಡುತ್ತಿದ್ದ. ಹೇಡಿ ಅಂತ ಒಬ್ಬನೂ ಅನ್ನುತ್ತಿರಲಿಲ್ಲ. ಅಪ್ಪ ಇದರಲ್ಲಿ ಎಲ್ಲರಿಗಿಂತ ಕಡೆ. ಬೇಸ್‌ಬಾಲ್ ನೋಡುತ್ತಾ ಕಡಲೆಕಾಯಿ ತಿಂದು ಬಂದ ಮೆಕ್ಯಾನಿಕ್‌ನನ್ನು ಸ್ನಾನ ಮಾಡಿ ಬಾ ಅಂತ ವಾಪಸು ಕಳಿಸಿದ್ದನಂತೆ.

ಅಂಥವನ ಸೀಟಿನ ಕೆಳಗೆ ಕಡಲೆಕಾಯಿ!

"ಡ್ವೇನ್, ಬಾ ಇಲ್ಲಿ."

"ಏನೇ, ನಿಧಿ ಸಿಕ್ತಾ?"

ತೋರಿಸಿದೆ. ಬೆಂಕಿ ಮುಟ್ಟಿದವನ ಹಾಗೆ ಹಿಂದಕ್ಕೆ ಹಾರಿದ. "ಅಯ್ಯಯ್ಯಪ್ಪ! ಆಚೆ ಬಿಸಾಕೇ ಅದನ್ನ! ನನ್ನ ಷೆಡ್ಡೊಳಗೆ..."

"ನಾಟಕ ಸಾಕು. ಹಳೇದು ಅಂತ ಕಾಣ್ಲಿ ಅಂತ ಯಾವ್ದೋ ಕಣಜದ ಕಸ ಗುಡಿಸ್ಕೊಂಡು ಬಂದು ತುಂಬಿದ್ದೀಯ. ಕಸದಲ್ಲಿ ಏನಿದೆ ಅಂತ ನೋಡ್ಲಿಲ್ಲ, ಅಲ್ವಾ? ಅಲ್ಲೇ ಎಡವಿದೆ."

"ನಾನು? ಮಾರ್ಲಾ, ನಾನು?"

"ನೀನಲ್ದೆ ನಿಮ್ಮಜ್ಜನಾ?"

ನನ್ನ ಚೀಲ ಎತ್ತಿ ಮುಂದಿಟ್ಟ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಚೀಲ ತಗೊಂಡು ಹೋಗು," ಅಂದ. "ನಿಮ್ಮಪ್ಪನ ಹೆಸರಲ್ಲಿ ನಿಂಗೆ ಮೋಸ ಮಾಡೋನು ಅಂತ ಅಂದ್ಕೊಂಡ್ಯಲ್ಲ... ಹೋಗು."

ಮನೆಗೆ ಬಂದು ಪ್ರದರ್ಶನದವರಿಗೆ ಫೋನ್ ಮಾಡಿದೆ. ನಕಲಿ, ಒಳಗೆ ಕಡಲೆಕಾಯಿ ಸಿಕ್ಕಿದೆ ಅಂದೆ. ಆ ಕಡೆಯವನು ಹೋ ಅಂತ ನಕ್ಕ. ಸಂಜೆಯೊಳಗೆ ಊರೆಲ್ಲ ಸುದ್ದಿ.

ಮೂರನೇ ನಕಲಿ. ಒತ್ತಿ ಒತ್ತಿ ಬರೆದು ಕಾಗದ ಹರಿದಿದೆ. ಕೋಪಕ್ಕೆ. ಕೋಪಕ್ಕೇ.

ಏಪ್ರಿಲ್ 5, ಶುಕ್ರವಾರ

ಚರ್ಚಿನಲ್ಲಿ ಮೀನು ಹುರಿದು ಮಾರುವ ದಿನ. ಅಮ್ಮನಿಗೂ ನನಗೂ ಕಟ್ಟಿಸಿಕೊಂಡು ಬಂದೆ. ಅಮ್ಮ ನನ್ನ ಜೊತೆಗೇ ಇದ್ದಾಳೆ. ಎಂಬತ್ತಮೂರು. ಕಿವಿ ಚುರುಕು, ನಾಲಗೆ ಅದಕ್ಕಿಂತ ಚುರುಕು. ಅಪ್ಪನ ಮಾತು ಮಾತ್ರ ಎತ್ತುವುದಿಲ್ಲ. ನಾನು ಕಾರು ಹುಡುಕುವುದೂ ಅವಳಿಗೆ ಇಷ್ಟವಿಲ್ಲ. 'ಸತ್ತವರ ಹಿಂದೆ ತಿರುಗ್ಬೇಡ್ವೇ' ಅನ್ನುತ್ತಾಳೆ.

ಇವತ್ತು ಹೊಟ್ಟೆಯುರಿಗೆ ಹೇಳಿಬಿಟ್ಟೆ. "ಡ್ವೇನ್ ಕಾರು ನಕಲಿ ಅಮ್ಮ. ಒಳಗೆ ಕಡಲೆಕಾಯಿ ಸಿಪ್ಪೆ ಸಿಕ್ತು. ಅಪ್ಪನ ಕಾರಲ್ಲಿ ಕಡಲೆಕಾಯಿ ಇರುತ್ತಾ?"

ಅಮ್ಮ ಮೀನಿನ ಮುಳ್ಳು ಬಿಡಿಸುತ್ತಿದ್ದಳು. ಬಿಡಿಸುತ್ತಲೇ ಇದ್ದಳು.

"ಸೀಟಿನ ಮೇಲಿತ್ತಾ, ಕೆಳಗಿತ್ತಾ?"

"ಯಾಕೆ?"

"ಯಾಕೂ ಇಲ್ಲ. ಮೀನು ತಣ್ಣಗಾಯ್ತು," ಅಂತ ತಟ್ಟೆ ಸರಿಸಿ ಎದ್ದುಹೋದಳು.

ಒಳಗೆ ಅಂದೆ. ಕಾರಿನ ಒಳಗೆ. ಸೀಟು ಅನ್ನಲಿಲ್ಲ. ಅನ್ನಲೇ ಇಲ್ಲ.

ಏಪ್ರಿಲ್ 9

ಡ್ವೇನ್ ಫೋನ್. ಹಲೋ ಇಲ್ಲ, ಏನಿಲ್ಲ. "ಬಂದು ಮಣ್ಣು ನೋಡು. ಆಮೇಲೆ ಬೇಕಾದ್ರೆ ಬೈಕೋ."

ಹೋದೆ. ಅರ್ಧ ರಿಪೇರಿಯಾಗಿದ್ದ ಎರಡು ಕಾರು ಷೆಡ್ಡಿನಲ್ಲಿರಲಿಲ್ಲ. ಯಜಮಾನರು ಬಂದು ತೆಗೆದುಕೊಂಡು ಹೋದರಂತೆ. ಯಾಕೆ ಅಂತ ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಖಾಲಿ ಜಾಗದಲ್ಲಿ ಎಣ್ಣೆಯ ಕಲೆ ಮಾತ್ರ ಇತ್ತು.

ಸೀಟಿನ ಕೆಳಗಿನ ಮಣ್ಣನ್ನು ಹೆಂಟೆ ಹೆಂಟೆಯಾಗಿ ಎಬ್ಬಿಸಿ ಬಟ್ಟೆಯ ಮೇಲಿಟ್ಟಿದ್ದ. ಮೇಲಿನ ಪದರ ಹಳದಿ. ಓಹಾಯೋ ಮಣ್ಣು. ಅಡಿಯದು ಬೂದಿ ಬೆರೆತ ನೀಲಿ. ಆ ಜೇಡಿ ಬ್ಲೂ ಲಿಕ್‌ನಲ್ಲಿ ಬಿಟ್ಟರೆ ಸುತ್ತಮುತ್ತ ಎಲ್ಲೂ ಇಲ್ಲ, ಆ ಟ್ರ್ಯಾಕು ಮುಚ್ಚಿ ಮೇಲೆ ಗೋದಾಮು ಎದ್ದು ಎಷ್ಟೋ ಕಾಲವಾಯಿತು. ಒಂದು ನೀಲಿ ಹೆಂಟೆ ಒಡೆದು ತೋರಿಸಿದ. ಒಳಗೆ ಸಿಪ್ಪೆ. ಇನ್ನೊಂದು ಒಡೆದ. ಒಳಗೆ ಸಿಪ್ಪೆ, ಅದರ ಅಚ್ಚು ಮಣ್ಣಿನಲ್ಲಿ ಒತ್ತಿಕೊಂಡಿದೆ. ನಾನು ಮೊದಲು ಕಂಡದ್ದು ಅಂಚಿನಿಂದ ಕಳಚಿದ ಒಂದು ಚೂರು ಅಷ್ಟೇ.

ಕಸ ಸುರಿದು ಹೀಗೆ ಮಾಡಲಾಗದು. ಒದ್ದೆ ಮಣ್ಣು ಚಿಮ್ಮಿ ಸಿಪ್ಪೆಯ ಮೇಲೆ ಕೂತು ಒಣಗಿದೆ. ಅದಾದ ಮೇಲೆ ಓಹಾಯೋ.

ಅಂದರೆ ಕಾರು ಅಸಲಿ. ಇದು ಅಪ್ಪನ ಕಾರು. ಅಪ್ಪ ಕೂತಿದ್ದ ಸೀಟು ಇದು.

ಕ್ಷಮಿಸು ಅನ್ನಬೇಕಿತ್ತು. "ಮಣ್ಣು ಚೆನ್ನಾಗಿ ಎಬ್ಬಿಸಿದೀಯ," ಅಂದೆ.

"ಥ್ಯಾಂಕ್ಸ್ ಕಣಮ್ಮ," ಅಂದ. "ಈಗ ಹೇಳು. ನಾನು ಹಾಕ್ಲಿಲ್ಲ ಅಂದ್ರೆ ಯಾರು ಹಾಕಿದ್ದು?"

ಏಪ್ರಿಲ್ 10

ಯಾರೋ ಬೇಕೆಂದೇ ಹಾಕಿದ್ದಾರೆ. ಅಪ್ಪನಿಗೆ ಕೇಡು ಬಗೆದವರು. ರೇಸಿನಲ್ಲಿ ಯಾವಾಗಲೂ ಅವನ ಬೆನ್ನಿಗೇ ಎರಡನೆಯವನಾಗಿ ಬರುತ್ತಿದ್ದ ಕೆಂಟಕಿಯ ಚಾಲಕನೇ? ಹೊಟ್ಟೆಕಿಚ್ಚಿನವನಂತೆ. ಸ್ನಾನಕ್ಕೆ ಕಳಿಸಿದ ಮೆಕ್ಯಾನಿಕ್? ಮುಯ್ಯಿ ತೀರಿಸಿಕೊಂಡನೇ? ಹ್ಯಾಸ್ಕೆಟ್‌ನನ್ನೂ ಬಿಡಲಿಲ್ಲ ನಾನು. ಇಡೀ ದಿನ ಸತ್ತವರನ್ನೆಲ್ಲ ಎಬ್ಬಿಸಿ ಕಟಕಟೆಯಲ್ಲಿ ನಿಲ್ಲಿಸಿದೆ.

ನಮ್ಮ ಮನೆಗೆ ಕಡಲೆಕಾಯಿ ಬಂದದ್ದೇ ಇಲ್ಲ. ಶಾಲೆಯಲ್ಲಿ ಎಲ್ಲ ಮಕ್ಕಳ ಡಬ್ಬಿಯಲ್ಲೂ ಕಡಲೆಕಾಯಿ ಬೆಣ್ಣೆ ಸವರಿದ ಬ್ರೆಡ್ಡು. ನನ್ನದರಲ್ಲಿ ಮಾತ್ರ ಬರೀ ಮಾಂಸದ ತುಂಡು. 'ನಂಗೆ ಮೈಗಾಗಲ್ಲ ಕಣೇ, ವಾಸನೆ ಬಂದ್ರೂ ಆಗಲ್ಲ' ಅನ್ನುತ್ತಿದ್ದಳು ಅಮ್ಮ. ಅಪ್ಪನ ನೆನಪಿಗೆ ಬಿಟ್ಟಿದ್ದಾಳೆ ಅಂತ ನಾನು ಅಂದುಕೊಂಡಿದ್ದೆ.

ಸೀಟಿನ ಮೇಲಿತ್ತಾ, ಕೆಳಗಿತ್ತಾ.

ಛೀ. ಅಲ್ಲ. ಹೆತ್ತ ತಾಯಿಯನ್ನೂ ಬಿಡುವುದಿಲ್ಲವೇ ಈ ದರಿದ್ರ ಬುದ್ಧಿ!

ಏಪ್ರಿಲ್ 14, ಭಾನುವಾರ

ಮೂರು ದಿನ ಬರೆಯಲಿಲ್ಲ. ಅಮ್ಮನ ಜೊತೆ ಒಂದೇ ಮೇಜಿನಲ್ಲಿ ಉಂಡೆ. ಅವಳು ಉಪ್ಪು ಕೊಡು ಅಂದರೆ ಕೊಟ್ಟೆ. ಅವಳು ನನ್ನನ್ನು ನೋಡದಾಗ ನಾನು ಅವಳನ್ನು ನೋಡಿದೆ. ನಾನು ನೋಡದಾಗ ಅವಳೂ ನೋಡುತ್ತಿದ್ದಳು. ಇಬ್ಬರೂ ಕಳ್ಳರ ಹಾಗೆ.

ಇವತ್ತು ಚರ್ಚಿನಿಂದ ಬಂದು, ಅವಳು ಟೋಪಿಯ ಪಿನ್ನು ತೆಗೆಯುತ್ತಿರುವಾಗ ಕೇಳಿಬಿಟ್ಟೆ.

"ಅಮ್ಮ, ಅವತ್ತು ಸೀಟು ಅಂತ ನಾನು ಹೇಳಿರ್ಲಿಲ್ಲ."

"ಗೊತ್ತು. ಬಾಯಿಂದ ಬಿದ್ದ ಮೇಲೆ ಗೊತ್ತಾಯ್ತು. ನೀನು ಆ ಇನ್ಷೂರೆನ್ಸ್ ಮುಖ ಮಾಡಿದ್ಯಲ್ಲ." ಪಿನ್ನನ್ನು ಡಬ್ಬಿಗೆ ಹಾಕಿದಳು. "ಯಾವಾಗ ಕೇಳ್ತೀಯ ಅಂತ ಕಾಯ್ತಾ ಇದ್ದೆ."

ಕೂತಳು. ಹೇಳಿದಳು. ಅವಳು ಹೇಳಿದ ಹಾಗೇ ಬರೆಯುತ್ತೇನೆ.

"ನಿಮ್ಮಪ್ಪ ಹೋಗೋ ಹಿಂದಿನ ವಾರ ಅವ್ನ ಸ್ನೇಹಿತ ಒಬ್ಬ ರೇಸಲ್ಲಿ ಸುಟ್ಟುಹೋಗಿದ್ದ. ಮಣ್ಣು ಮಾಡಿ ಬಂದ್ವಿ. ಭಾನುವಾರ ಇವ್ನು ಮತ್ತೆ ಹೊರಟ. ಬೇಡ ಕಣೋ ಅಂದೆ. ಅತ್ತೆ. ಕಾಲು ಹಿಡ್ಕೊಂಡೆ. ನಕ್ಕ, ಮಾರ್ಲಾ. ನಿನ್ನ ಎತ್ಕೊಂಡು ಮುತ್ತು ಕೊಟ್ಟು ನಕ್ಕ. ಅವ್ನು ದೇವ್ರಿಗೂ ಹೆದರ್ತಿರ್ಲಿಲ್ಲ, ಹೆಂಡ್ತಿಗೂ ಹೆದರ್ತಿರ್ಲಿಲ್ಲ. ಹೆದರ್ತಿದ್ದಿದ್ದು ಒಂದಕ್ಕೇ."

"ಪಿಟ್ಟಿಗೆ ಹೋಗಿ ಹಾಕಿದ್ಯಾ?"

"ಪಿಟ್ಟಿಗೆ ಹೆಂಗಸರನ್ನ ಯಾರು ಬಿಡ್ತಿದ್ರು? ನಾವು ಹೋದ್ರೂ ಅಪಶಕುನ ಅಂತಿದ್ರು. ಕಡಲೆಕಾಯಿ, ಹಸಿರು, ಹೆಂಗಸು! ಕಾರು ನಮ್ಮನೆ ಮುಂದೇನೇ ಇತ್ತು, ಟ್ರೈಲರ್ ಮೇಲೆ. ಅವ್ನು ಮುಖ ಕ್ಷೌರ ಮಾಡ್ಕೋತಿದ್ದ. ಹೋಗಿ ಸೀಟಿನ ಮೇಲೆ ಒಂದು ಮುಷ್ಟಿ ಹಾಕಿದೆ. ಅಲ್ಲಿ ಹೋಗಿ ನೋಡ್ತಾನೆ, ಕೂಗಾಡ್ತಾನೆ, ಹೆಲ್ಮೆಟ್ ಬಿಸಾಡ್ತಾನೆ, ಮನೆಗೆ ಬರ್ತಾನೆ ಅಂತ. ನೋಡಕ್ಕೆ ಅಂತ ನಾನೂ ನಿನ್ನ ಎತ್ಕೊಂಡು ಪಕ್ಕದ್ಮನೆಯವ್ರ ಕಾರಲ್ಲಿ ಹೋದೆ. ಬೇಲಿ ಆಚೆ ನಿಂತಿದ್ದೆ."

"ಆಮೇಲೆ?"

"ಆಮೇಲೇನು. ಬಂದ. ಬೇಲಿ ಕಡೆ ನೋಡಿದ. ನನ್ನ ನೋಡಿ ಕೈ ಎತ್ತಿದ. ಕಾರೊಳಗೆ ಕೂತ."

ನನಗೆ ಏನು ಮಾಡಬೇಕೋ ತಿಳಿಯಲಿಲ್ಲ. ಅವಳ ಕೋಟು ಇನ್ನೂ ಮೈಮೇಲೇ ಇತ್ತು, ಗುಂಡಿ ಬಿಚ್ಚಿದೆ.

"ನೋಡಿದ್ನಾ ಅವ್ನು?" ಅಂದಳು. "ಇಷ್ಟು ವರ್ಷ ಒಂದೇ ಯೋಚ್ನೆ. ನೋಡಿ, ನಂದೇ ಕೆಲ್ಸ ಅಂತ ತಿಳ್ಕೊಂಡು, ಹಟಕ್ಕೆ ಬಿದ್ದು ಕೂತ್ನಾ? ಆ ಕೈ ಎತ್ತಿದ್ದು ನನ್ನ ಅಣಕ್ಸಿದ್ದಾ? ಕೋಪದಲ್ಲಿ ಓಡ್ಸಿದ್ನಾ? ಹೇಳೀಗ. ಮೇಲಿತ್ತಾ, ಕೆಳಗಿತ್ತಾ?"

ಯಾವ ಉತ್ತರ ಬೇಕು ಇವಳಿಗೆ? ಮೇಲಿತ್ತು ಅಂದರೆ ಅವನು ಹೆಂಡತಿಯ ಮೇಲೆ ಸಿಟ್ಟಾಗಿ ಸತ್ತ. ಕೆಳಗಿತ್ತು ಅಂದರೆ ಇವಳು ಹಾಕಿದ ಅಪಶಕುನದ ಮೇಲೆ ಕೂತು ಸತ್ತ. ಎರಡೂ ಚೂರಿಯೇ. ಬೇರೆ ಯಾರಾದರೂ ಆಗಿದ್ದರೆ ಹಿತವಾದ ಒಂದು ಸುಳ್ಳು ಹುಡುಕುತ್ತಿದ್ದರು. ನನಗೆ ಸುಳ್ಳು ಹಿಡಿಯಲು ಬರುತ್ತದೆಯೇ ಹೊರತು ಹೇಳಲು ಬರುವುದಿಲ್ಲ.

"ಕೆಳಗೆ ಅಮ್ಮ. ಸೀಟಿನ ಹಿಂದೆ ಸಂದಿದೆ. ದಾರೀಲಿ ಟ್ರೈಲರ್ ಕುಲುಕಿದ್ದಕ್ಕೆ ಜಾರಿ ಕೆಳಗೆ ಹೋಗಿದೆ. ಅಪ್ಪ ನೋಡೇ ಇಲ್ಲ."

ಪಿನ್ನಿನ ಡಬ್ಬಿಯ ಮುಚ್ಚಳ ಹಾಕಿದಳು.

"ಹಾಗಾದ್ರೆ ಸುಮ್ನೆ ಕೈ ಎತ್ತಿದ್ದು," ಅಂದಳು. "ನನ್ನ ನೋಡಿ ಖುಷಿಯಾಗಿ ಎತ್ತಿದ್ದು."

"ಹೂಂ."

"ಅವ್ನ ಅಡೀಲೇ ಇತ್ತು. ಕೊನೇವರೆಗೂ ಅಡೀಲೇ ಇತ್ತು."

"ಮುಂದಿನ ಅಚ್ಚು ಮುರಿದಿದ್ದು ಅಮ್ಮ. ಒಳಗೇ ಬಿರುಕಿತ್ತು. ಕಡಲೆಕಾಯಿ ಕಬ್ಬಿಣ ಮುರಿಯಲ್ಲ."

"ನಿಂಗೇನ್ ಗೊತ್ತು," ಅಂದಳು ಅಮ್ಮ.

ಏಪ್ರಿಲ್ 20, ಶನಿವಾರ

ಅಮ್ಮನೇ ಕೇಳಿದಳು, ಕಾರು ನೋಡಬೇಕು ಅಂತ. ಕರೆದುಕೊಂಡು ಹೋದೆ. ತುಟಿಗೆ ಬಣ್ಣ ಹಚ್ಚಿಕೊಂಡಿದ್ದಳು.

ಡ್ವೇನ್‌ಗೆ ಫೋನಿನಲ್ಲಿ ಎಲ್ಲ ಹೇಳಿದ್ದೆ. ಕ್ಷಮೆಯನ್ನೂ ಕೇಳಿದ್ದೆ, ಕೊನೆಗೂ. 'ಇನ್ನೊಂದ್ಸಲ ಹೇಳು, ಸರಿಯಾಗಿ ಕೇಳಿಸ್ಲಿಲ್ಲ' ಅಂತ ಮೂರು ಸಲ ಹೇಳಿಸಿದ, ಪಾಪಿ. ಇವತ್ತು ಬಾಗಿಲಲ್ಲೇ ನಿಂತಿದ್ದ, ಅಂಗಿ ಇಸ್ತ್ರಿ ಮಾಡಿಸಿಕೊಂಡು.

"ಬನ್ನಿ ಲವೋನಮ್ಮ. ನಮ್ಮ ಷೆಡ್ಡಿಗೆ ಹೆಂಗಸರು ಬರ್ಬೋದು. ನಿಮ್ಮ ಮಗಳನ್ನೇ ಬಿಟ್ಟಿದೀನಿ."

ಅಮ್ಮ ನಗಲಿಲ್ಲ. ಕಾರಿನ ಸುತ್ತ ಒಂದು ಸುತ್ತು ಬಂದಳು. ನಾನು ಕೆರೆದಿಟ್ಟ ಕೆಂಪಿನ ಮೇಲೆ ಬೆರಳಿಟ್ಟಳು. "ಇದೇ ಕೆಂಪು," ಅಂದಳು. ಡ್ವೇನ್ ಮತ್ತೆ ಕೂರಿಸಿದ್ದ ಸೀಟಿನ ಸಂದಿಗೆ ಬೆರಳು ತೂರಿಸಿ ನೋಡಿದಳು. ಬೆರಳು ಸುಲಭವಾಗಿ ಹೋಯಿತು. "ಇಷ್ಟು ಸಣ್ಣ ಸಂದು," ಅಂದಳು, "ಇಷ್ಟೇ ಇಷ್ಟು." ಆಮೇಲೆ ಅತ್ತಳು. ನಾನು ಅಮ್ಮ ಅತ್ತದ್ದನ್ನು ಯಾವತ್ತೂ ನೋಡಿರಲಿಲ್ಲ. ಡ್ವೇನ್ ಹೊರಗೆ ಹೋಗಿ ನಿಂತ.

ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದ. "ಸಿಪ್ಪೆ ವಿಚಾರ ವರದೀಲಿ ಬಿಟ್ಬಿಡು. ಮುದುಕಿನ ಯಾಕೆ ಬೀದಿಗೆ ಎಳೀತೀಯ? ಕಾರು ಪ್ರದರ್ಶನಕ್ಕೆ ಹೋಗ್ದಿದ್ರೆ ಕತ್ತೆ ಬಾಲ."

ಹೇಗೆ ಬಿಡುವುದು? ನಾನೇ ಡಂಗುರ ಹೊಡೆದು ಬಂದಿದ್ದೇನೆ, ಕಡಲೆಕಾಯಿ ಇದೆ, ಅದಕ್ಕೇ ನಕಲಿ ಅಂತ. ಈಗ ಸುಮ್ಮನೆ ಅಸಲಿ ಅಂದರೆ, ಸ್ನೇಹಿತನಿಗಾಗಿ ಮಾತು ತಿರುಗಿಸಿದಳು ಅನ್ನುತ್ತಾರೆ. ಮಣ್ಣಿನ ಹೆಂಟೆ ತೋರಿಸಿದರೂ ಕೇಳುವ ಮೊದಲ ಪ್ರಶ್ನೆ ಒಂದೇ: ಪ್ರೂಯಿಟ್ ಕಾರಿನಲ್ಲಿ ಕಡಲೆಕಾಯಿ ಹಾಕಿದವರು ಯಾರು? ಅದಕ್ಕೆ ಉತ್ತರ ಇಲ್ಲದಿದ್ದರೆ ಡ್ವೇನ್ ಈ ಊರಿನಲ್ಲಿ ಮೋಸಗಾರನಾಗಿಯೇ ಉಳಿಯುತ್ತಾನೆ. ಅಪ್ಪನ ಕಾರು ಮತ್ತೆ ಯಾವನೋ ಹೆಸರಿಲ್ಲದವನ ಕಾರಾಗುತ್ತದೆ.

ಉತ್ತರ ಕೊಟ್ಟರೆ ಅಮ್ಮ ಗಂಡನನ್ನು ಕೊಂದವಳಾಗುತ್ತಾಳೆ. ಇಲ್ಲಿನ ಮುದುಕರು ಹಾಗೇ ಅನ್ನುವುದು. ನನಗೆ ಗೊತ್ತು ಇವರೆಲ್ಲ.

ಏಪ್ರಿಲ್ 22, ಸೋಮವಾರ

ವರದಿ ಇವತ್ತೇ ಕಳಿಸಬೇಕು. ಬೆಳಗ್ಗೆಯಿಂದ ಅಡುಗೆಮನೆ ಮೇಜಿನ ಮುಂದೆ ಕೂತಿದ್ದೇನೆ. ಚಾಸಿ, ವೆಲ್ಡಿಂಗ್, ಪೆಡಲ್, ಬಣ್ಣ, ಮಣ್ಣು, ಎಲ್ಲ ಬರೆದಾಯಿತು. 'ಸೀಟಿನ ಕೆಳಗೆ' ಅನ್ನುವಲ್ಲಿಗೆ ಬಂದು ನಿಂತಿತು.

ಅಮ್ಮ ಕಾಫಿ ತಂದಿಟ್ಟಳು. ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ಯಾಕೆ ನಿಲ್ಸಿದೆ?"

"ಏನಿಲ್ಲ."

"ನನ್ನ ಹೆಸ್ರು ಬರಿ."

"ಅಮ್ಮ, ಜನ ಏನಂತಾರೆ ಗೊತ್ತಾ?"

"ಏನಂತಾರೋ ಅದನ್ನ ನಾನು ಅರವತ್ತು ವರ್ಷ ನಂಗೆ ನಾನೇ ಅಂದ್ಕೊಂಡಿದೀನಿ. ಅದಕ್ಕಿಂತ ಜೋರಾಗಿ ಅನ್ನಕ್ಕೆ ಅವ್ರಿಂದ ಆಗಲ್ಲ." ಎದುರಿನ ಕುರ್ಚಿ ಎಳೆದು ಕೂತಳು. "ಆ ಕಾರು ಕಟ್ಟಿದವ್ನ ಹೆಸ್ರು ಬರ್ದಿದೀಯ. ಓಡ್ಸಿದವ್ನ ಹೆಸ್ರು ಬರ್ದಿದೀಯ. ಟೈರ್ ಕೊಡ್ಸಿದ ಬೇಕರಿಯವ್ನ ಹೆಸ್ರೂ ಇದೆ. ನನ್ನ ಬೇಲಿ ದಾಟಕ್ಕೆ ಬಿಡ್ಲಿಲ್ಲ ಅವ್ರು. ಆ ಕಾರಲ್ಲಿ ನಂದೂ ಅಂತ ಇದ್ದಿದ್ದು ಆ ಒಂದು ಮುಷ್ಟಿ. ಬರಿ. ಪಾಪ, ಆ ಡ್ವೇನ್ ಏನ್ ಮಾಡಿದ್ದ ನಿಂಗೆ?"

ಬರೆಯುತ್ತಿದ್ದೇನೆ. ಅವಳು ಎದುರಿಗೇ ಕೂತಿದ್ದಾಳೆ, ಒಂದೊಂದು ಪದವನ್ನೂ ಜೋರಾಗಿ ಓದಿ ಹೇಳು ಅನ್ನುತ್ತಾಳೆ. ವರದಿಗೆ ಹಾಕುವ ಮೊದಲು ಇಲ್ಲಿ ಬರೆದು ನೋಡುತ್ತೇನೆ –

ಸೀಟಿನ ಕೆಳಗೆ, ನೀಲಿ ಜೇಡಿಮಣ್ಣಿನೊಳಗೆ, ಕಡಲೆಕಾಯಿ ಸಿಪ್ಪೆ. ರೇಸಿನ ದಿನ ಬೆಳಗ್ಗೆ ಸೀಟಿನ ಮೇಲೆ ಹಾಕಿದ್ದು. ಚಾಲಕನ ಕಣ್ಣಿಗೆ ಬಿದ್ದಿಲ್ಲ. ಹಾಕಿದವರು: ಲವೋನ್ ಪ್ರೂಯಿಟ್, ಚಾಲಕನ ಹೆಂಡತಿ. ಕಾರಣ: ಅವನು ಮನೆಗೆ ವಾಪಸು ಬರಲಿ ಅಂತ.